ಪ್ರವಾಸದ ದಿನಚರಿ ಮತ್ತು ಛಾಯಾಚಿತ್ರ: ಅಚ್ಚಾಗದ ಆಕರಗಳ ಓದು ಮತ್ತು ರಕ್ಷಣೆ
(ಉಡುಪಿ–ಕಾರ್ಕಳ ಪರಿಸರವನ್ನು ಅನುಲಕ್ಷಿಸಿ)

ಕನ್ನಡದಲ್ಲಿ ಪ್ರವಾಸ ಸಾಹಿತ್ಯದ ಅಧ್ಯಯನವೆಂದರೆ ಬಹುಮಟ್ಟಿಗೆ ಅಚ್ಚಾದ ಪ್ರವಾಸ ಕಥನಗಳ ಅಧ್ಯಯನವೇ ಆಗಿದೆ. ವಿ.ಕೃ. ಗೋಕಾಕರ ‘ಸಮುದ್ರದಾಚೆಯಿಂದ’, ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅಮೆರಿಕಾದಲ್ಲಿ ಗೊರೂರು’ ಮೊದಲಾದ ಕೃತಿಗಳ ಸುತ್ತಲೇ ನಮ್ಮ ಚರ್ಚೆ ನಡೆದಿದೆ. ದಾರಿಯಲ್ಲಿಯೇ ಗೀಚಿದ ದಿನಚರಿ, ಮನೆಯ ಆಲ್ಬಮ್ಮಿನಲ್ಲಿ ಉಳಿದ ಫೋಟೋ ಇವುಗಳನ್ನು ಆಕರವೆಂದು ಪರಿಗಣಿಸುವ ಪದ್ಧತಿ ಇನ್ನೂ ಬೆಳೆದಿಲ್ಲ. ಹಳೆಯ ಮನೆಗಳು ಕೆಡವಲ್ಪಡುತ್ತಿರುವ ಈ ಹೊತ್ತಿನಲ್ಲಿ ಮೊದಲು ಗುಜರಿ ಸೇರುವವು ಇವೇ. ಇಂತಹ ಆಕರಗಳನ್ನು ಓದುವ ಮತ್ತು ಕಾಪಾಡುವ ಬಗೆಯನ್ನು ಪ್ರಸ್ತುತ ಲೇಖನವು ಚರ್ಚಿಸುತ್ತದೆ.

ದಿನಚರಿಯ ಸಾಮರ್ಥ್ಯ ಮತ್ತು ಮಿತಿಗಳೆರಡಕ್ಕೂ ಫ್ರಾನ್ಸಿಸ್ ಬುಕಾನನ್ ಉತ್ತಮ ನಿದರ್ಶನ. ವೆಲ್ಲೆಸ್ಲಿಯ ಆದೇಶದಂತೆ 1800ರಲ್ಲಿ ಮದರಾಸಿನಿಂದ ಹೊರಟ ಈತ ಮರುವರ್ಷ ಕಾರ್ಕಳ, ಉಡುಪಿಗಳನ್ನು ಹಾದುಹೋದ. ಲಂಡನ್ನಿನಲ್ಲಿ 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಅವನ ಬರಹ ದಿನಚರಿಯ ಕ್ರಮವನ್ನೇ ಉಳಿಸಿಕೊಂಡಿದೆ. 1432ರಲ್ಲಿ ವೀರಪಾಂಡ್ಯನು ಪ್ರತಿಷ್ಠಾಪಿಸಿದ ಕಾರ್ಕಳದ ಗೊಮ್ಮಟನ ಅಳತೆಯಂತೆಯೇ ಗದ್ದೆಯ ಬೆಳೆ, ಗೇಣಿ, ಸಮುದಾಯಗಳ ವಿವರಗಳೂ ಅಲ್ಲಿ ದಿನದಿನಕ್ಕೆ ದಾಖಲಾಗಿವೆ. ವಿಷಯವಾರು ಜೋಡಿಸಿದ್ದರೆ ಪುಸ್ತಕ ಅಚ್ಚುಕಟ್ಟಾಗುತ್ತಿತ್ತು, ಆದರೆ ಯಾವ ಊರಿನಲ್ಲಿ ಯಾವ ಸಂಗತಿಯನ್ನು ಕೇಳಿದ ಎಂಬ ಸೂಚನೆ ಅಳಿಸಿಹೋಗುತ್ತಿತ್ತು. ಅದೇ ವೇಳೆ, ಬರೆದವನು ಕಂಪನಿ ಸರಕಾರದ ಪರವಾಗಿ ನೋಡುತ್ತಿದ್ದನೆಂಬುದನ್ನೂ ಮರೆಯುವಂತಿಲ್ಲ. ತನಗೆ ಬೇಡವಾದದ್ದನ್ನು ದಿನಚರಿಕಾರ ಬರೆಯುವುದೇ ಇಲ್ಲ.

ಛಾಯಾಚಿತ್ರದ ಸ್ವಭಾವ ಇದಕ್ಕೆ ಭಿನ್ನವಾದುದು. ತೆಗೆದವರು ಉದ್ದೇಶಿಸದ ಸಂಗತಿಗಳೂ ಅದರೊಳಗೆ ಬಂದು ಕೂರುತ್ತವೆ. ಮಣಿಪಾಲದ ಗುಡ್ಡದಲ್ಲಿ ಬಂಧುಗಳನ್ನು ನಿಲ್ಲಿಸಿ ತೆಗೆದ ಚಿತ್ರದಲ್ಲಿ ಇಂದಿನ ಸಂಶೋಧಕನಿಗೆ ಬೇಕಾದುದು ಬಂಧುಗಳ ಹಿಂದಿನ ಬೋಳು ಗುಡ್ಡವೇ ಇರಬಹುದು. 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ಆರಂಭವಾದ ಬಳಿಕ ಆ ಗುಡ್ಡ ಪಡೆದ ರೂಪಾಂತರಕ್ಕೆ ಇಂತಹ ಹಿನ್ನೆಲೆಗಳೇ ಸಾಕ್ಷಿ. ಕಾಪುವಿನ ಹೊಸ ಮಾರಿಗುಡಿ ಪುನರ್ನಿರ್ಮಾಣಗೊಂಡು 2025ರಲ್ಲಿ ಬ್ರಹ್ಮಕಲಶೋತ್ಸವ ನಡೆಯಿತು. ಮೊದಲಿನ ಕಟ್ಟಡದ ಮುಂದೆ ಯಾತ್ರಿಕರು ತೆಗೆಸಿಕೊಂಡ ಸಾಧಾರಣ ಫೋಟೋಗಳು ಅಂದಿನಿಂದ ಚಾರಿತ್ರಿಕ ದಾಖಲೆಗಳಾಗಿವೆ. ಆದರೆ ಊರು, ವರ್ಷ, ವ್ಯಕ್ತಿಗಳ ಹೆಸರು ಬರೆಯದ ಚಿತ್ರ ಒಂದು ತಲೆಮಾರು ಕಳೆಯುವುದರೊಳಗೆ ಮೂಕವಾಗುತ್ತದೆ. ಬಾಸೆಲ್ ಮಿಶನ್ನಿನ ಪತ್ರಾಗಾರದಲ್ಲಿರುವ ಕರಾವಳಿಯ ಹಳೆಯ ಚಿತ್ರಗಳು ಇಂದಿಗೂ ಉಪಯೋಗಕ್ಕೆ ಬರುತ್ತಿರುವುದಕ್ಕೆ ಅವುಗಳ ಜೊತೆಗಿರುವ ಬರಹವೂ ಕಾರಣ. ಆ ಬರಹ ಮಿಶನರಿಯದು ಎಂಬ ಎಚ್ಚರ ಬೇರೆಯೇ ಮಾತು.

ಕಾಲನಿರ್ಣಯದ ಪ್ರಶ್ನೆಯನ್ನು ತುಸು ವಿಸ್ತಾರವಾಗಿ ನೋಡಬಹುದು. ತೇದಿಯಿಲ್ಲದ ಒಂದು ಹಾಳೆಯಲ್ಲಿ ‘ಪೇಜಾವರ ಮಠದ ಪರ್ಯಾಯ ನಡೆದಿತ್ತು’ ಎಂದಷ್ಟೇ ಇದೆಯೆನ್ನೋಣ. ವಾದಿರಾಜರು 1522ರಲ್ಲಿ ರೂಢಿಗೆ ತಂದ ಎರಡು ವರ್ಷಗಳ ಪರ್ಯಾಯ ಕ್ರಮದಲ್ಲಿ ಎಂಟು ಮಠಗಳ ಒಂದು ಸುತ್ತಿಗೆ ಹದಿನಾರು ವರ್ಷ. ಹಾಗಾಗಿ ಆ ಹಾಳೆ 1952, 1968, 1984, 2000, 2016 ಇವುಗಳಲ್ಲಿ ಯಾವುದೇ ಜನವರಿ 18ರಂದು ಆರಂಭವಾದ ಅವಧಿಗೆ ಸೇರಿರಬಹುದು. ಅದೇ ಹಾಳೆಯಲ್ಲಿ ಉಡುಪಿಯ ನಿಲ್ದಾಣದಲ್ಲಿ ರೈಲಿನಿಂದ ಇಳಿದ ಪ್ರಸ್ತಾಪವಿದ್ದರೆ, ಮಂಗಳೂರು ಕಡೆಯಿಂದ ಉಡುಪಿಗೆ ರೈಲು ಬಂದದ್ದು 1993ರಲ್ಲಿಯಾದ್ದರಿಂದ, ಕೊನೆಯ ಎರಡು ಸಾಧ್ಯತೆಗಳಷ್ಟೇ ಉಳಿಯುತ್ತವೆ. ‘ದಕ್ಷಿಣ ಕನ್ನಡದ ಉಡುಪಿ’ ಎಂಬ ಮಾತನ್ನು ಮಾತ್ರ ನೆಚ್ಚುವಂತಿಲ್ಲ. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ನಾಲಗೆಗೆ ಹತ್ತಿದ ಹಳೆಯ ಹೆಸರು ಸರಕಾರಿ ಆದೇಶದೊಂದಿಗೆ ಹೋಗುವುದಿಲ್ಲ. ಕಾರ್ಕಳದ ಚಿತ್ರದಲ್ಲಿ ಗೊಮ್ಮಟನ ಸುತ್ತ ಅಟ್ಟಳಿಗೆ ಕಂಡರೆ ಮಹಾಮಸ್ತಕಾಭಿಷೇಕದ ವರ್ಷವಿರಬಹುದೇ ಎಂದು ಪರಿಶೀಲಿಸಬೇಕು. 2002ರ ಮತ್ತು 2015ರ ಅಭಿಷೇಕಗಳ ಚಿತ್ರಗಳನ್ನು ಬೇರ್ಪಡಿಸಲು ಮುದ್ರಣ ಕಾಗದವೂ ನೆರವಾಗುತ್ತದೆ. ಕಾಪುವಿನ ಕಡಲಬಂಡೆಯ ಮೇಲೆ ದೀಪಸ್ತಂಭವಿದ್ದರೆ ಚಿತ್ರ 1901ರ ಈಚಿನದೆಂದು ಹೇಳಬಹುದು, ಆದರೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಇನ್ನು ರಕ್ಷಣೆಯ ವಿಚಾರ. ಕರಾವಳಿಯ ಮಳೆ, ಉಪ್ಪುಗಾಳಿಗಳು ಕಾಗದಕ್ಕೆ ಶತ್ರುಗಳು. ಹೊರಗೋಡೆಗೆ ತಾಗಿಸಿದ ಕಪಾಟಿನಲ್ಲಿ ಬೂಷ್ಟು ಬೇಗ ಹಿಡಿಯುತ್ತದೆ. ಸುಸ್ಥಿತಿಯಲ್ಲಿ ತೊಳೆದು ಮುದ್ರಿಸಿದ ಕಪ್ಪು–ಬಿಳುಪು ಚಿತ್ರಕ್ಕಿಂತ 1970–80ರ ದಶಕಗಳ ಬಣ್ಣದ ಚಿತ್ರಗಳೇ ಬೇಗ ಮಾಸುತ್ತಿವೆ. ಅವುಗಳ ಪ್ರತಿಯನ್ನು ಮೊದಲು ತೆಗೆಯಬೇಕು. ಅಂಟುಹಾಳೆಯ ಆಲ್ಬಮ್ಮಿನಿಂದ ಚಿತ್ರವನ್ನು ಕೀಳುವ ಮುನ್ನ ಪುಟವನ್ನು ಇದ್ದಂತೆಯೇ ಚಿತ್ರೀಕರಿಸಬೇಕು, ಏಕೆಂದರೆ ಜೋಡಣೆಯ ಕ್ರಮವೂ ಒಂದು ಬರಹವೇ. ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ, ಅಂಚಿನಲ್ಲಿ, ಒತ್ತದೆ ಬರೆಯಬೇಕು. ನೆಗೆಟಿವ್‌ಗಳಿಗೆ ಹುಳಿವಾಸನೆ ಬಂದಿದ್ದರೆ ಅವನ್ನು ಉಳಿದವುಗಳಿಂದ ಬೇರ್ಪಡಿಸಬೇಕು. ಡಿಜಿಟಲ್ ಚಿತ್ರಗಳು ಸುರಕ್ಷಿತವೆಂಬ ಭಾವನೆ ನಮ್ಮಲ್ಲಿ ವ್ಯಾಪಕವಾಗಿದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋವಾಗಿ ಕಳುಹಿಸಿದ ಪ್ರತಿಯಲ್ಲಿ ತೆಗೆದ ದಿನ, ಸ್ಥಳಗಳ ಮಾಹಿತಿ ಕಳಚಿಹೋಗುತ್ತದೆ. ಮೂಲ ಕಡತವನ್ನೇ ಪಡೆದು, ವರ್ಷ–ತಿಂಗಳು–ದಿನ–ಊರು ಎಂಬ ಕ್ರಮದಲ್ಲಿ ಹೆಸರಿಟ್ಟು, ಎರಡು ಬೇರೆ ಬೇರೆ ಕಡೆ ಇರಿಸುವುದು ಒಳ್ಳೆಯದು.

ದಿನಚರಿಗಳಲ್ಲಿ ಅನ್ಯರ ಮನೆಯ ವಿಚಾರ, ಜಾತಿಯ ಕುರಿತ ಕಟುನುಡಿಗಳೂ ಇರುತ್ತವೆ. ಮೂಲವನ್ನು ತಿದ್ದುವುದು ಸಲ್ಲದು. ಪ್ರಕಟಣೆಯಲ್ಲಿ ಸಂಯಮ ಬೇಕು ಮತ್ತು ಮನೆಯವರ ಒಪ್ಪಿಗೆ ಲಿಖಿತವಾಗಿರಬೇಕು.

ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಕ್ಕೆ ಒಂದು ಮನೆಯ ಒಂದು ಪ್ರವಾಸವೇ ಸಾಕಾದ ವಿಷಯ. ಆಲ್ಬಮ್ಮನ್ನು ಮನೆಯ ಹಿರಿಯರ ಮುಂದಿಟ್ಟು ಕೇಳುವಾಗ ‘ಇವರು ಯಾರು?’ ಎಂಬ ಪ್ರಶ್ನೆ ಸಹಜವಾಗಿಯೇ ಬರುತ್ತದೆ. ‘ಇದನ್ನು ತೆಗೆದವರು ಯಾರು, ಇದರಲ್ಲಿ ಇಲ್ಲದವರು ಯಾರು?’ ಎಂದೂ ಕೇಳಬೇಕು. ಕ್ಯಾಮೆರಾ ಹಿಡಿದವರು, ಅಡುಗೆಯ ಸಾಮಾನು ಕಾಯುತ್ತ ಬಸ್ಸಿನ ಬಳಿಯೇ ಉಳಿದ ಹೆಂಗಸರು ಚಿತ್ರದಲ್ಲಿ ಇರುವುದಿಲ್ಲ. ಅವರ ಹೆಸರು ಸಿಗುವುದಾದರೆ ದಿನಚರಿಯ ಖರ್ಚಿನ ಪುಟದಲ್ಲಿ, ಊಟದ ಎಲೆಗಳ ಲೆಕ್ಕದಲ್ಲಿ.