ಹಸುಗೂಸಿನ ನಿದ್ರೆಗೆ ಸಂಗೀತ: ಆಯ್ಕೆ ಮತ್ತು ಎಚ್ಚರಿಕೆ

ಶಿಶುವಿನ ಬೆಳವಣಿಗೆಗೆ ಎದೆಹಾಲಿನಷ್ಟೇ ಅವಶ್ಯವಾದುದು ನಿದ್ರೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಹುಟ್ಟಿದಂದಿನಿಂದ 3 ತಿಂಗಳವರೆಗಿನ ಶಿಶುವಿಗೆ ದಿನಕ್ಕೆ 14ರಿಂದ 17 ಗಂಟೆಗಳ, 4ರಿಂದ 11 ತಿಂಗಳ ಶಿಶುವಿಗೆ 12ರಿಂದ 16 ಗಂಟೆಗಳ ನಿದ್ರೆ ಬೇಕು. ಹಗಲಿನ ನಿದ್ದೆಯೂ ಈ ಲೆಕ್ಕದಲ್ಲಿ ಸೇರಿದೆ. ಇಷ್ಟು ನಿದ್ರೆಯನ್ನು ಮಗುವಿಗೆ ದೊರಕಿಸಿಕೊಡುವುದು ಮನೆಮಂದಿಯೆಲ್ಲರ ಹೊಣೆ. ಆದರೆ ಇಂದಿನ ಚಿಕ್ಕ ಕುಟುಂಬಗಳಲ್ಲಿ ಆ ಹೊಣೆಯೆಲ್ಲವೂ ಬಾಣಂತಿಯೊಬ್ಬಳ ಹೆಗಲಿಗೇ ಬೀಳುತ್ತಿದೆ. ಜೋಗುಳ ಹಾಡುತ್ತಿದ್ದ ಅಜ್ಜಿಯ ಸ್ಥಾನಕ್ಕೆ ಮೊಬೈಲ್ ಫೋನು ಬಂದಿದೆ. ಆದುದರಿಂದ ಎಂತಹ ಸಂಗೀತ ಹಿತ, ಅದನ್ನು ಎಷ್ಟು ದೂರದಿಂದ ಮತ್ತು ಎಷ್ಟು ಹೊತ್ತು ಕೇಳಿಸಬೇಕು ಎಂಬುದನ್ನು ತಂದೆತಾಯಿಗಳು ತಿಳಿದಿರುವುದು ಅಗತ್ಯ.

ನಾದದೊಡನೆ ಬೆಳೆದ ಊರು

ಶಿರಸಿ ತಾಲೂಕಿನಲ್ಲಿ ಬನವಾಸಿಗೆ ಸಮೀಪದ ಗುಡ್ನಾಪುರವು ವಿಶಾಲವಾದ ಕೆರೆಗೂ ಕದಂಬ ದೊರೆ ರವಿವರ್ಮನ ಸ್ತಂಭಶಾಸನಕ್ಕೂ ಪ್ರಸಿದ್ಧವಾದ ಗ್ರಾಮ. ಆ ಶಾಸನದಲ್ಲಿ ಕಾಮದೇವನ ಆಲಯದೊಂದಿಗೆ ನೃತ್ಯಶಾಲೆಗಳ ಉಲ್ಲೇಖವೂ ಇದೆ. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆಯೇ ಈ ನೆಲದಲ್ಲಿ ಗೀತನೃತ್ಯಗಳಿಗೆಂದು ಪ್ರತ್ಯೇಕ ಶಾಲೆಗಳಿದ್ದವು ಎಂಬುದು ಹೆಮ್ಮೆಯ ಸಂಗತಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಜನಜೀವನ ಇಂದಿಗೂ ನಾದಮಯವೇ ಆಗಿದೆ. ಯಕ್ಷಗಾನದ ಚಂಡೆ, ಸಿದ್ದಿ ಸಮುದಾಯದ ದಮಾಮಿ, ಶಿರಸಿಯ ಮಾರಿಕಾಂಬಾ ಜಾತ್ರೆಯ ವಾದ್ಯಘೋಷ, ಇವೆಲ್ಲ ನಮ್ಮ ಬದುಕಿನ ಅಂಗಗಳು. ಆದರೆ ಇವು ಜನರನ್ನು ಎಚ್ಚರಿಸುವ, ಹುರುಪುಗೊಳಿಸುವ ನಾದಗಳು. ಮಲಗಿಸುವ ನಾದದ ಗುಣವೇ ಬೇರೆ. ಮಳೆಗಾಲದ ಇರುಳಿನಲ್ಲಿ ಹಂಚಿನ ಮಾಡಿನ ಮೇಲೆ ಒಂದೇ ಹದದಲ್ಲಿ ಸುರಿಯುವ ಮಳೆಯ ಸದ್ದಿಗೆ ಕೂಸುಗಳು ಸುಖವಾಗಿ ನಿದ್ರಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಅದೇ ಮಳೆಯ ನಡುವೆ ಗುಡುಗು ಬಡಿದರೆ ಕೂಸು ಬೆಚ್ಚಿ ಅಳುತ್ತದೆ. ಏಕರೂಪವಾದ ನಾದ ಹಿತ, ಹಠಾತ್ ಏರಿಳಿತ ಅಹಿತ. ಸಂಗೀತದ ಆಯ್ಕೆಗೂ ಇದೇ ಮೂಲಸೂತ್ರ.

ಶಿಶು ಕೇಳಲಾರಂಭಿಸುವುದು ಯಾವಾಗ?

ಗರ್ಭಧಾರಣೆಯ ಸುಮಾರು 25ನೆಯ ವಾರದ ಹೊತ್ತಿಗೆ ಶಿಶುವು ಹೊರಗಿನ ಧ್ವನಿಗೆ ಪ್ರತಿಕ್ರಿಯೆ ತೋರಲಾರಂಭಿಸುತ್ತದೆ. ತಾಯಿಯ ಹೃದಯದ ಬಡಿತ, ರಕ್ತಸಂಚಾರದ ಸದ್ದು ಮತ್ತು ಆಕೆಯ ಮಾತಿನ ಏರಿಳಿತ ಅದು ಕೇಳುವ ಮೊದಲ ಸಂಗೀತ. ಹುಟ್ಟಿ ಮೂರು ದಿನವೂ ತುಂಬದ ಶಿಶುಗಳು ಪರಸ್ತ್ರೀಯ ದನಿಗಿಂತ ಹೆತ್ತ ತಾಯಿಯ ದನಿಯನ್ನು ಬಯಸುತ್ತವೆಂಬುದನ್ನು ಅಮೆರಿಕದ ಸಂಶೋಧಕರಾದ ಡಿಕ್ಯಾಸ್ಪರ್ ಮತ್ತು ಫೈಫರ್ 1980ರಲ್ಲಿಯೇ ತೋರಿಸಿಕೊಟ್ಟರು. ಚೀಪುವ ರೀತಿಯನ್ನು ಬದಲಾಯಿಸಿದರೆ ತಾಯಿಯ ದನಿ ಕೇಳಿಸುವಂತೆ ಏರ್ಪಾಡು ಮಾಡಿದಾಗ ಆ ಕೂಸುಗಳು ಹಾಗೆಯೇ ಚೀಪಿದವು.

ಶಿಶುವಿನ ನಿದ್ರೆಯ ಸ್ವರೂಪವನ್ನೂ ತಿಳಿದಿರಬೇಕು. ಹಿರಿಯರ ನಿದ್ರೆಯ ಒಂದು ಆವರ್ತ ಸುಮಾರು 90 ನಿಮಿಷಗಳದಾದರೆ ಶಿಶುವಿನದು 50ರಿಂದ 60 ನಿಮಿಷಗಳದು. ನವಜಾತ ಶಿಶುವಿನ ನಿದ್ರೆಯಲ್ಲಿ ಅರ್ಧದಷ್ಟು ಭಾಗ ಚಂಚಲ ನಿದ್ರೆಯಾಗಿರುತ್ತದೆ. ಆಗ ಅದು ಮುಖ ಕಿವುಚುತ್ತದೆ, ನಗುತ್ತದೆ, ಕೈಕಾಲು ಆಡಿಸುತ್ತದೆ, ಸಣ್ಣಗೆ ಮುಲುಗುತ್ತದೆ. ಇದನ್ನು ಎಚ್ಚರವೆಂದು ಭಾವಿಸಿ ಎತ್ತಿಕೊಂಡರೆ ಅಥವಾ ಮತ್ತೆ ಹಾಡು ಹಚ್ಚಿದರೆ ಇದ್ದ ನಿದ್ರೆಯೂ ಕೆಡುತ್ತದೆ. ಒಂದೆರಡು ನಿಮಿಷ ಕಾದು ನೋಡಿದರೆ ಬಹಳ ಸಲ ಕೂಸು ತಾನಾಗಿ ಮತ್ತೆ ನಿದ್ರೆಗೆ ಜಾರುತ್ತದೆ.

ಸಂಶೋಧನೆಗಳು ಹೇಳುವುದೇನು?

ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಶಿಶುಗಳಿಗೆ ಅವು ಎಂದೂ ಕೇಳಿರದ ಪರಭಾಷೆಗಳ ಜೋಗುಳಗಳನ್ನೂ ಬೇರೆ ಬಗೆಯ ಹಾಡುಗಳನ್ನೂ ಕೇಳಿಸಲಾಯಿತು. ಜೋಗುಳ ಕೇಳುವಾಗ ಅವುಗಳ ಹೃದಯಬಡಿತ ಹೆಚ್ಚು ಇಳಿಯಿತು. ಭಾಷೆ ತಿಳಿಯದಿದ್ದರೂ ಜೋಗುಳದ ಧಾಟಿಯೇ ಕೂಸನ್ನು ಶಾಂತಗೊಳಿಸಬಲ್ಲುದೆಂದು ಇದರಿಂದ ಸಿದ್ಧವಾಯಿತು. ಅವಧಿಗೆ ಮುನ್ನ ಜನಿಸಿದ 272 ಶಿಶುಗಳನ್ನು ಕುರಿತು ಅಮೆರಿಕದ 11 ಆಸ್ಪತ್ರೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವು ನಮಗೆ ಇನ್ನೂ ಉಪಯುಕ್ತವಾದುದು. ಅಲ್ಲಿ ತಂದೆತಾಯಿಗಳಿಗೆ ಪ್ರಿಯವಾದ ಹಾಡನ್ನೇ ಆರಿಸಿ, ಅದನ್ನು ಜೋಗುಳದ ನಿಧಾನ ಲಯಕ್ಕೆ ಇಳಿಸಿ, ಶಿಶುವಿನ ಬಳಿ ಬಾಯಾರೆ ಹಾಡಲಾಯಿತು. ಅದರಿಂದ ಶಿಶುಗಳಿಗೆ ಹಿತವಾಯಿತು, ಹೆತ್ತವರ ಆತಂಕವೂ ತಗ್ಗಿತು. ಹಾಡು ಹಳೆಯದೋ ಹೊಸದೋ ಎಂಬುದಕ್ಕಿಂತ ಅದನ್ನು ಹಾಡುವ ಲಯ ಮುಖ್ಯವೆಂಬುದು ಇದರ ತಾತ್ಪರ್ಯ.

ಇದರೊಂದಿಗೆ ಒಂದು ತಪ್ಪು ಕಲ್ಪನೆಯನ್ನೂ ದೂರಮಾಡಬೇಕು. ಮೊಜಾರ್ಟ್ ಎಂಬ ಪಾಶ್ಚಾತ್ಯ ಸಂಗೀತಗಾರನ ಕೃತಿಗಳನ್ನು ಕೇಳಿಸಿದರೆ ಕೂಸಿನ ಬುದ್ಧಿ ಚುರುಕಾಗುತ್ತದೆಂದು ಹೇಳಿ ಅನೇಕ ಧ್ವನಿಮುದ್ರಿಕೆಗಳು ಮಾರಾಟವಾಗುತ್ತಿವೆ. ಈ ಮಾತಿಗೆ ಮೂಲವಾದ 1993ರ ಪ್ರಯೋಗ ನಡೆದದ್ದು ಕಾಲೇಜು ವಿದ್ಯಾರ್ಥಿಗಳ ಮೇಲೆ. ಕಂಡುಬಂದ ಪರಿಣಾಮವೂ 10–15 ನಿಮಿಷಗಳಷ್ಟು ಮಾತ್ರ ಉಳಿಯಿತು. ಶಿಶುಗಳಿಗೂ ಆ ಪ್ರಯೋಗಕ್ಕೂ ಸಂಬಂಧವೇ ಇರಲಿಲ್ಲ. ಆದಕಾರಣ ಬುದ್ಧಿವರ್ಧನೆಯ ಆಸೆಯಿಂದ ಹಣ ತೆತ್ತು ಸಂಗೀತ ಕೊಳ್ಳಬೇಕಾಗಿಲ್ಲ.

ಆಧುನಿಕ ಸಂಗೀತದಲ್ಲಿ ಯಾವುದನ್ನು ಆರಿಸಬೇಕು?

ಮೊದಲನೆಯದು ಲಯ. ನಿಮಿಷಕ್ಕೆ 60ರಿಂದ 80 ಮಾತ್ರೆಗಳಷ್ಟು ನಿಧಾನವಾದ ಸಂಗೀತ ಹಿತಕರ. ಇದನ್ನು ಅಳೆಯಲು ಯಂತ್ರವೇನೂ ಬೇಡ. ಗಡಿಯಾರ ನೋಡುತ್ತ ಹಾಡಿನ ತಾಳಕ್ಕೆ ಬೆರಳು ತಟ್ಟಿ, 15 ಸೆಕೆಂಡುಗಳಲ್ಲಿ ಎಷ್ಟು ತಟ್ಟು ಬಂತೆಂದು ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಕು. 15ರಿಂದ 20 ತಟ್ಟುಗಳೊಳಗಿದ್ದರೆ ಆ ಹಾಡು ತೊಟ್ಟಿಲಿಗೆ ತಕ್ಕುದು. ತೊಟ್ಟಿಲ ತೂಗಾಟಕ್ಕೆ ಹೊಂದುವ ಮೂರು ಅಥವಾ ಆರು ಮಾತ್ರೆಗಳ ನಡೆ ಇನ್ನೂ ಉತ್ತಮ.

ಎರಡನೆಯದು ಸ್ಥಾಯಿ. ಮಂದ್ರ ಮತ್ತು ಮಧ್ಯ ಸ್ಥಾಯಿಗಳಲ್ಲಿಯೇ ಸಂಚರಿಸುವ, ತಾರಸ್ಥಾಯಿಗೆ ಹಠಾತ್ತನೆ ಜಿಗಿಯದ ಸಂಗೀತವಿರಲಿ. ಮೂರನೆಯದು ಪುನರಾವರ್ತನೆ. ಹಿರಿಯರಿಗೆ ಬೇಸರ ತರಿಸುವಷ್ಟು ಸರಳವಾಗಿ ಒಂದೇ ಸಾಲು ಮತ್ತೆ ಮತ್ತೆ ಬಂದರೆ ಕೂಸಿಗೆ ಅದೇ ನೆಮ್ಮದಿ. ನಾಲ್ಕನೆಯದು ವಾದ್ಯಗಳ ಮಿತಿ. ಕೊಳಲು, ವೀಣೆ ಅಥವಾ ಮೃದುವಾಗಿ ನುಡಿಸಿದ ಗಿಟಾರ್, ಇವುಗಳಲ್ಲಿ ಒಂದೆರಡು ಸಾಕು. ಡ್ರಮ್ಸ್, ತಮಟೆ, ಹಿತ್ತಾಳೆಯ ವಾದ್ಯಗಳು ಬೇಡ.

ಈ ಗುಣಗಳನ್ನು ಇರಿಸಿಕೊಂಡು ನೋಡಿದರೆ ನಮ್ಮ ನಾಡಿನಲ್ಲಿಯೇ ಆಯ್ಕೆಗೆ ಕೊರತೆಯಿಲ್ಲ. ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಮೊದಲಾದವರು ಬೆಳೆಸಿದ ಸುಗಮ ಸಂಗೀತದಲ್ಲಿ ಮೆಲುದನಿಯ ಭಾವಗೀತೆಗಳು ಹಲವಿವೆ. ಕರ್ನಾಟಕ ಸಂಗೀತದ ಪರಂಪರೆಯಲ್ಲಿ ನೀಲಾಂಬರಿ ರಾಗವನ್ನು ಲಾಲಿಗೆ ಒಪ್ಪುವ ರಾಗವೆಂದು ಎಣಿಸಲಾಗಿದೆ. ಪಂಡಿತ ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಅವರಂತಹ ಹಿಂದೂಸ್ತಾನಿ ಗಾಯಕರು ವಚನಗಳನ್ನೂ ಹಾಡಿದ್ದಾರೆ. ವಚನಗಾಯನದಲ್ಲಿ ವಿಳಂಬ ಗತಿಯ ಭಾಗಗಳನ್ನು ಆರಿಸಿಕೊಳ್ಳಬಹುದು, ದ್ರುತ ತಾನಗಳ ಭಾಗವನ್ನು ಹಗಲಿಗೆ ಬಿಡುವುದು ಲೇಸು. ಚಲನಚಿತ್ರಗೀತೆಗಳ ವಿಷಯದಲ್ಲಿ ಮಾತ್ರ ಜಾಗ್ರತೆ ಬೇಕು. ಪಲ್ಲವಿ ಮೃದುವಾಗಿದ್ದರೂ ನಡುವಿನ ವಾದ್ಯಮೇಳ ಅಬ್ಬರಿಸುವುದುಂಟು. ಯಾವ ಹಾಡನ್ನೇ ಆಗಲಿ ಮೊದಲು ಹಿರಿಯರು ಆದ್ಯಂತ ಕೇಳಿ, ಬೆಚ್ಚಿಸುವ ಎಡೆಗಳಿಲ್ಲವೆಂದು ಖಚಿತಪಡಿಸಿಕೊಂಡು, ಆನಂತರ ಕೂಸಿಗೆ ಕೇಳಿಸಬೇಕು.

ಗಟ್ಟಿತನ ಮತ್ತು ದೂರ

ಆಯ್ಕೆ ಎಷ್ಟೇ ಉತ್ತಮವಾಗಿದ್ದರೂ ಧ್ವನಿ ಮಿತಿಮೀರಿದರೆ ಅಪಾಯ. ಕೂಸಿನ ದಿಂಬಿನ ಬಳಿಯಲ್ಲೋ ಜೋಲಿಯೊಳಗೋ ಫೋನನ್ನಿಟ್ಟು ಹಾಡು ಹಚ್ಚುವ ರೂಢಿ ಇಂದು ಹಬ್ಬುತ್ತಿದೆ. ಅಡಿಕೆ ಸುಲಿಯುವ ಹಂಗಾಮಿನ ಸಂಜೆಗಳಲ್ಲಿ, ಎಲ್ಲರೂ ಕೆಲಸದಲ್ಲಿ ತೊಡಗಿರುವಾಗ, ಇದು ಸುಲಭೋಪಾಯವೆಂದು ತೋರುವುದು ಸಹಜ. ಆದರೆ ಶಿಶುವಿನ ಕಿವಿಯ ನಾಳ ಬಹಳ ಕಿರಿದು. ಅದರಲ್ಲಿ ತೀಕ್ಷ್ಣ ಸ್ವರಗಳ ಒತ್ತಡ ಹಿರಿಯರ ಕಿವಿಗಿಂತ ಹೆಚ್ಚಾಗಿರುತ್ತದೆ.

ಶಿಶುಗಳನ್ನು ಮಲಗಿಸಲೆಂದು ಮಾರಾಟವಾಗುವ 14 ಧ್ವನಿಯಂತ್ರಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಗರಿಷ್ಠ ಮಟ್ಟಕ್ಕೆ ಏರಿಸಿ 30 ಸೆಂಟಿಮೀಟರ್ ದೂರದಲ್ಲಿಟ್ಟಾಗ ಎಲ್ಲ ಯಂತ್ರಗಳೂ 50 ಡೆಸಿಬಲ್ ಮೀರಿದವು, ಮೂರು ಯಂತ್ರಗಳು 85 ಡೆಸಿಬಲ್ಲನ್ನೂ ಮೀರಿದವು. 85 ಡೆಸಿಬಲ್ ಎಂಬುದು ಕಾರ್ಖಾನೆಯ ಕಾರ್ಮಿಕರಿಗೆ ದಿನಕ್ಕೆ 8 ಗಂಟೆಗಳ ಮಿತಿಯೆಂದು ತಜ್ಞರು ಗೊತ್ತುಮಾಡಿದ ಮಟ್ಟ. ನಮ್ಮ ದೇಶದ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಗಳಿಗೆ ರಾತ್ರಿಯ ಮಿತಿಯನ್ನು 45 ಡೆಸಿಬಲ್ ಎಂದು ನಿಗದಿಪಡಿಸಿವೆ. ಬೀದಿಗೇ ಈ ಮಿತಿಯಿರುವಾಗ ತೊಟ್ಟಿಲೊಳಗೆ ಎಷ್ಟಿರಬೇಕೆಂದು ವಿಚಾರವಂತರು ಊಹಿಸಬಹುದು.

ಆದುದರಿಂದ ಧ್ವನಿಯ ಸಾಧನವು ತೊಟ್ಟಿಲಿನಿಂದ ಕನಿಷ್ಠ 2 ಮೀಟರ್, ಅಂದರೆ ಸುಮಾರು ಏಳು ಅಡಿ ದೂರದಲ್ಲಿರಲಿ. ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದಂತೆಲ್ಲ ಧ್ವನಿಯ ಮಟ್ಟ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಕೋಣೆಯಲ್ಲಿ ಇಳಿತ ಇದಕ್ಕಿಂತ ಕಡಿಮೆ, ಆದಕಾರಣ ದೂರವಿಟ್ಟ ಮೇಲೂ ಧ್ವನಿಯನ್ನು ತಗ್ಗಿಸಬೇಕು. ತೊಟ್ಟಿಲ ಬಳಿ ನಿಂತು ಇಬ್ಬರು ಮೆಲುದನಿಯಲ್ಲಿ ಮಾತನಾಡಿದರೆ ಆ ಮಾತು ಸಂಗೀತಕ್ಕಿಂತ ಸ್ಪಷ್ಟವಾಗಿ ಕೇಳಿಸಬೇಕು. ಇದೇ ಮನೆಯ ಅಳತೆಗೋಲು. ಕೂಸಿನ ಅಳುವನ್ನಾಗಲಿ ಕೆಮ್ಮನ್ನಾಗಲಿ ಮುಚ್ಚಿಬಿಡುವಷ್ಟು ಸಂಗೀತ ಎಂದಿಗೂ ಸಲ್ಲದು. ಹೆಡ್‌ಫೋನು, ಇಯರ್‌ಫೋನುಗಳನ್ನು ಶಿಶುವಿಗೆ ತೊಡಿಸಲೇಬಾರದು.

ಅನುಸರಿಸಬೇಕಾದ ಕ್ರಮ

1. ಹೊಟ್ಟೆ ತುಂಬಿಸಿ, ತೇಗು ಬರಿಸಿ, ಒದ್ದೆ ಬಟ್ಟೆ ಬದಲಿಸಿ, ದೀಪ ಮಂದಗೊಳಿಸಿದ ಮೇಲೆ ಸಂಗೀತ ಆರಂಭವಾಗಲಿ. ಪ್ರತಿದಿನ ಇದೇ ಅನುಕ್ರಮವಿದ್ದರೆ ಹಾಡು ಕೇಳಿಬಂದೊಡನೆ ಕೂಸಿನ ದೇಹ ನಿದ್ರೆಗೆ ಸಿದ್ಧವಾಗುತ್ತದೆ.

2. ರಾತ್ರಿಗೆಂದು ಒಂದೆರಡು ಹಾಡುಗಳನ್ನು ಮೀಸಲಿಡಿ. ದಿನಕ್ಕೊಂದು ಹೊಸ ಹಾಡು ಬೇಡ. ಹಗಲಿರುಳುಗಳ ಭೇದ ಶಿಶುವಿನ ದೇಹಕ್ಕೆ ತಿಳಿಯಲು ಎರಡು ಮೂರು ತಿಂಗಳು ಬೇಕಾಗುವುದರಿಂದ ಮೊದಮೊದಲು ಫಲ ಕಾಣದಿದ್ದರೆ ನಿರಾಶೆಪಡಬಾರದು.

3. ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ, ಅಥವಾ ಕೂಸು ನಿದ್ರಿಸಿದೊಡನೆ, ಸಂಗೀತ ನಿಲ್ಲಲಿ. ಇರುಳೆಲ್ಲ ನುಡಿಯುತ್ತಿದ್ದರೆ ಪ್ರತಿ ಆವರ್ತದ ಕೊನೆಯಲ್ಲಿ ಕೂಸು ಅದನ್ನೇ ಹುಡುಕುವ ಅಭ್ಯಾಸ ಬೆಳೆಯುತ್ತದೆ.

4. ಅಂತರ್ಜಾಲದಿಂದ ನೇರವಾಗಿ ಹಾಡು ಹಚ್ಚಿದರೆ ನಡುವೆ ಜಾಹೀರಾತು ಅಬ್ಬರಿಸಿ ಕೂಸನ್ನು ಎಬ್ಬಿಸುತ್ತದೆ. ಹಾಡನ್ನು ಮೊದಲೇ ಇಳಿಸಿಕೊಂಡು, ಕರೆಗಳು ಬಾರದಂತೆ ಮಾಡಿ, ಪರದೆಯನ್ನು ಮಗುಚಿಡಿ. ಒಂದು ವರ್ಷದೊಳಗಿನ ಶಿಶುವಿಗೆ ಪರದೆಯ ದರ್ಶನವೇ ಬೇಡವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

5. ಕೂಸನ್ನು ಅಂಗಾತವಾಗಿ, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ ಮಲಗಿಸಬೇಕು. ದಿಂಬು, ಸಡಿಲ ಹೊದಿಕೆ, ಚಾರ್ಜರಿನ ತಂತಿ ಅದರ ಸಮೀಪ ಇರಬಾರದು. ಜೋಲಿಯಲ್ಲಿ ಗಲ್ಲ ಎದೆಗೆ ಒತ್ತಿ ಉಸಿರಿಗೆ ಅಡ್ಡಿಯಾಗುವ ಸಂಭವವಿರುವುದರಿಂದ ಕಣ್ಣಳತೆಯಿಂದ ದೂರವಿರುವಾಗ ಅದು ತಕ್ಕುದಲ್ಲ.

ಸಂಗೀತದಿಂದ ತೀರದ ಅಳು

ಎಲ್ಲ ಅಳುವಿಗೂ ಜೋಗುಳವೇ ಮದ್ದಲ್ಲ. ಹಸಿವು, ಜ್ವರ, ಕಿವಿನೋವು, ಹೊಟ್ಟೆಯುಬ್ಬರಗಳಿಂದ ಅಳುವ ಕೂಸಿಗೆ ಹಾಡಿನಿಂದ ಸಮಾಧಾನವಾಗದು. ಮೂರು ತಿಂಗಳೊಳಗಿನ ಶಿಶುವಿಗೆ ಜ್ವರ ಬಂದರೆ, ಹಾಲು ಕುಡಿಯಲೊಲ್ಲದಿದ್ದರೆ ಅಥವಾ ಎಬ್ಬಿಸಿದರೂ ಏಳದಷ್ಟು ಮಂಕಾಗಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಇನ್ನೊಂದು ಸಂಗತಿ ಅತ್ಯಂತ ಮುಖ್ಯವಾದುದು. ಎಷ್ಟು ಸದ್ದಾದರೂ ಎಚ್ಚರಗೊಳ್ಳದ ಕೂಸನ್ನು ಕಂಡು 'ನಮ್ಮ ಮಗು ಬಹಳ ಸಾಧು, ನಿದ್ದೆಗೆ ತಂಟೆಯೇ ಇಲ್ಲ' ಎಂದು ಸಂತೋಷಪಡುವವರಿದ್ದಾರೆ. ಪಾತ್ರೆ ಬಿದ್ದರೂ ಬಾಗಿಲು ಬಡಿದರೂ ಬೆಚ್ಚದ, ತಾಯಿ ಹಾಡಿದರೂ ಗಮನಕೊಡದ ಶಿಶುವಿಗೆ ಶ್ರವಣದೋಷವಿರಬಹುದು. ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ದೋಷದ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ, ಇದು ತಜ್ಞರು ಒಪ್ಪಿದ ಕ್ರಮ. ತಡವಾದಷ್ಟೂ ಮಾತು ಕಲಿಯುವ ಅವಕಾಶ ಕೈತಪ್ಪುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಹುಟ್ಟುಕಿವುಡೂ ಸೇರಿದೆ. ಗ್ರಾಮದ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿದರೆ ದಾರಿ ತಿಳಿಯುತ್ತದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾದುದು.

ಕೊನೆಯದಾಗಿ, ಧ್ವನಿಮುದ್ರಿಕೆಯು ಬಾಣಂತಿಗೆ ಕೊಂಚ ಬಿಡುವು ಕೊಡುವ ಸಹಾಯಕ ಮಾತ್ರ. ಕಂಠ ಮಧುರವಲ್ಲವೆಂಬ ಸಂಕೋಚದಿಂದ ತಾಯಿಯಾಗಲಿ ತಂದೆಯಾಗಲಿ ಹಾಡದೆ ಇರಬಾರದು. ತಮಗೆ ಪ್ರಿಯವಾದ ಯಾವುದೇ ಹೊಸ ಹಾಡನ್ನು ನಿಧಾನ ಲಯಕ್ಕೆ ಇಳಿಸಿ ಗುನುಗಿದರೆ ಅದೇ ಜೋಗುಳವಾಗುತ್ತದೆ. ಅಂಕೋಲೆಯ ಸುಕ್ರಿ ಬೊಮ್ಮಗೌಡರು ಕಂಠಸ್ಥವಾಗಿ ಕಾಪಾಡಿಕೊಂಡುಬಂದ ಹಾಲಕ್ಕಿ ಹಾಡುಗಳಿಗಾಗಿ 2017ರಲ್ಲಿ ಪದ್ಮಶ್ರೀ ಪುರಸ್ಕಾರ ಪಡೆದರು. ಅಂತಹ ಕಂಠಪರಂಪರೆ ನಮ್ಮ ಜಿಲ್ಲೆಯ ಸಂಪತ್ತು. ಮನೆಯಲ್ಲಿ ಅಜ್ಜಿಯರಿದ್ದರೆ ಅವರ ಜೋಗುಳಗಳನ್ನು ಕೇಳಿ ಕಲಿತುಕೊಳ್ಳಿ, ಸಾಧ್ಯವಾದರೆ ಅವರ ದನಿಯಲ್ಲಿಯೇ ಮುದ್ರಿಸಿಟ್ಟುಕೊಳ್ಳಿ. ಫೋನಿನಲ್ಲಿ ಕೂಸಿಗೆ ಕೇಳಿಸಲು ಅದಕ್ಕಿಂತ ತಕ್ಕ ಸಂಗೀತ ಬೇರೊಂದಿಲ್ಲ.