ಉಪ್ಪಿನ ಪ್ಯಾಕೆಟ್ಟು ಎಷ್ಟು ದಿನ ಬರುತ್ತದೆ?

"ತಿಂಗಳಿಗೆ ಎಷ್ಟು ಉಪ್ಪು ತರಿಸ್ತೀರಮ್ಮ?"

ನಮ್ಮ ಮನೆಯವರಿಗೆ ಸ್ಟೆಂಟ್ ಹಾಕಿ ಮನೆಗೆ ಕಳಿಸುವಾಗ ಪಥ್ಯ ಹೇಳಲು ಬಂದ ಡಯಟಿಷಿಯನ್ ಹುಡುಗಿ ಕೇಳಿದ ಮೊದಲ ಪ್ರಶ್ನೆ ಇದು. ಎಣ್ಣೆ, ತುಪ್ಪ, ಮೊಟ್ಟೆ ಎಂದೆಲ್ಲ ಉತ್ತರ ಜೋಡಿಸಿಕೊಂಡು ಕೂತಿದ್ದೆ. ಉಪ್ಪಿನ ಲೆಕ್ಕ ಯಾರು ಇಡುತ್ತಾರೆ?

ಆಕೆ ಚೀಟಿಯ ಹಿಂದೆ ಗುಣಿಸಿ ತೋರಿಸಿದಳು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದ ಒಳಗೆ. ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ. ನಮ್ಮಲ್ಲಿ ಕಿಲೋ ಪ್ಯಾಕೆಟ್ಟು ತಿಂಗಳು ತುಂಬುವ ಮೊದಲೇ ತಳ ಕಾಣುತ್ತಿತ್ತು. ಅಂಗಡಿಯಿಂದ ಬರುವ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಸಂಜೆಯ ಖಾರಾ ಬನ್ನು ಈ ಲೆಕ್ಕಕ್ಕೆ ಸೇರಿಯೇ ಇಲ್ಲ. ಉಪ್ಪು ಹೆಚ್ಚಾದರೆ ಬಿ.ಪಿ. ಏರುತ್ತದೆ, ಏರಿದ ಬಿ.ಪಿ. ರಕ್ತನಾಳದ ಒಳಪದರವನ್ನು ವರ್ಷಗಟ್ಟಲೆ ಕೆಡಿಸುತ್ತದೆ. ಕೆಟ್ಟ ಜಾಗದಲ್ಲಿ ಕೊಬ್ಬು ಕೂರುತ್ತದೆ. ಇಷ್ಟನ್ನು ಆಕೆ ಹೇಳಿದ್ದು ಎರಡೇ ನಿಮಿಷದಲ್ಲಿ.

ಕಾಯಿಲೆಯವರಿಗೆ ಬೇರೆ ಪಾತ್ರೆಯಲ್ಲಿ ಸಪ್ಪೆ ಸಾರು ಮಾಡುವ ಮನೆಗಳನ್ನು ನೋಡಿದ್ದೇನೆ. ಅದು ನಡೆಯುವುದು ನೋಡಲು ಬರುವ ನೆಂಟರು ನಿಲ್ಲುವ ತನಕ ಮಾತ್ರ. ಹಾಗಾಗಿ ನಾನು ಇಡೀ ಮನೆಯ ಉಪ್ಪಿಗೇ ಕೈ ಹಾಕಿದೆ. ಅನ್ನ, ಚಪಾತಿ ಹಿಟ್ಟು, ರಾಗಿಮುದ್ದೆ, ಈ ಮೂರಕ್ಕೂ ಉಪ್ಪು ನಿಲ್ಲಿಸಿದೆ; ಯಾರಿಗೂ ಗೊತ್ತೇ ಆಗಲಿಲ್ಲ. ಪಲ್ಯಕ್ಕೆ ಉಪ್ಪನ್ನು ಇಳಿಸುವ ಮುಂಚೆ ಹಾಕಿದರೆ ಅದು ಮೇಲೇ ಇರುತ್ತದೆ, ಅರ್ಧ ಹಾಕಿದರೂ ನಾಲಿಗೆಗೆ ಸಿಗುತ್ತದೆ. ಸಾರಿಗೆ ಜೀರಿಗೆ ಮೆಣಸು ಜಾಸ್ತಿ, ಕೊನೆಗೆ ನಿಂಬೆಹುಳಿ. ಊಟದ ಮೇಜಿನಿಂದ ಉಪ್ಪಿನ ಬಟ್ಟಲು ಎತ್ತಿಟ್ಟಾಗ ಮಾತ್ರ ಅತ್ತೆ ಸಿಡುಕಿದರು: "ಎಲೆ ತುದಿಗೆ ಉಪ್ಪಿಲ್ಲದ ಊಟ ಯಾವ ಊಟ ಕಣೇ?" ಕೆಲವು ವಾರ ಕಳೆದ ಮೇಲೆ ಅದೇ ಅತ್ತೆ ಮದುವೆ ಮನೆಯ ಹುಳಿಗೆ ಉಪ್ಪು ಜಾಸ್ತಿ ಅಂದರು. ನಾಲಿಗೆ ಅಷ್ಟು ಬೇಗ ಪಳಗುತ್ತದೆ.

ಸೈಂಧವ ಲವಣಕ್ಕೆ ಬದಲಾಯಿಸಿ ಎಂದವರೂ ಇದ್ದರು. ಬಣ್ಣ ಗುಲಾಬಿ ಇರಬಹುದು, ಒಳಗಿರುವುದು ಹೆಚ್ಚೂಕಡಿಮೆ ಅದೇ ಸೋಡಿಯಂ. ಪೊಟ್ಯಾಷಿಯಂ ಬೆರೆಸಿದ ಕಡಿಮೆ ಸೋಡಿಯಂ ಉಪ್ಪು ಬೇರೆ, ಅದು ಬಿ.ಪಿ. ಇಳಿಸುತ್ತದೆ, ಆದರೆ ಮೂತ್ರಪಿಂಡದ ತೊಂದರೆ ಇದ್ದವರಿಗೆ, ಕೆಲವು ಬಿ.ಪಿ. ಮಾತ್ರೆ ನುಂಗುವವರಿಗೆ ಅಪಾಯ. ಡಾಕ್ಟರನ್ನು ಕೇಳದೆ ನಾನು ತರಲಿಲ್ಲ. ಬ್ಲಾಕ್ ಕರಗಿಸುತ್ತದೆ ಎನ್ನುವ ಬೆಳ್ಳುಳ್ಳಿ-ಶುಂಠಿ-ನಿಂಬೆ ಕಷಾಯದ ಸಂದೇಶವಂತೂ ನನ್ನ ಫೋನಿಗೆ ಎಷ್ಟು ಸಲ ಬಂತೋ! ಸ್ಟೆಂಟ್ ಆದವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ಹಲ್ಲು ಕೀಳಿಸಲು ಹೋಗುವಾಗಲೂ ಹೃದಯದ ಡಾಕ್ಟರನ್ನು ಕೇಳದೆ ಬಿಡಬಾರದು ಎಂಬ ಮಾತನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ.

ನಡಿಗೆಗೆ ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆ ಇದೆ. ವಾರಕ್ಕೆ 150 ನಿಮಿಷ, ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು ಸಾಕು. ನಮ್ಮವರ ಗುಂಪು ಕೆರೆ ಸುತ್ತಿ ನೇರ ಹೋಟೆಲಿಗೆ ನುಗ್ಗುತ್ತಿತ್ತು, ಬೈಟು ಕಾಫಿ, ಜೊತೆಗೆ "ಒಂದೇ ಒಂದು" ಉದ್ದಿನ ವಡೆ. 2025ರ ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಬಂದು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವವೇ ಜನ ಸಾಲುಗಟ್ಟಿದಾಗ ಆ ಗುಂಪಿನವರೂ ಇಸಿಜಿ ಮಾಡಿಸಿ ಬಂದರು. ನಾರ್ಮಲ್ ಅಂತ ಬಂದದ್ದೇ ತಡ, ವಡೆ ಎರಡಾಯಿತು. ಇಸಿಜಿ ಹೇಳುವುದು ಆ ಗಳಿಗೆಯ ಕಥೆಯನ್ನು, ಮುಂದಿನ ವರ್ಷದ್ದನ್ನಲ್ಲ.

ಬಿ.ಪಿ. ನೋಡುವುದನ್ನೂ ಕಲಿಯಬೇಕು. ಐದು ನಿಮಿಷ ಸುಮ್ಮನೆ ಕೂತು, ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಅದಕ್ಕೂ ಅರ್ಧ ಗಂಟೆ ಮುಂಚೆ ಕಾಫಿ ಇಲ್ಲದೆ. ನಮ್ಮವರು ಪಟ್ಟಿ ಬಿಗಿಯುತ್ತಿರುವಾಗಲೇ ಪೇಪರಿನ ರಾಜಕೀಯ ಶುರು ಮಾಡುತ್ತಿದ್ದರು, ಮೇಲಿನ ಅಂಕಿ 150 ದಾಟುತ್ತಿತ್ತು. ಬಾಯಿ ಮುಚ್ಚಿಸಿ ಮತ್ತೆ ಗುಂಡಿ ಒತ್ತಿದರೆ 134.

ಒಂದು ದಿನ ತಮಾಷೆಗೆ ಪಟ್ಟಿಯನ್ನು ನನ್ನ ತೋಳಿಗೂ ಸುತ್ತಿಕೊಂಡೆ. 152/94. ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಿದ್ದೆ. ಹೆಂಗಸರಿಗೆ ಹೃದಯದ ತೊಂದರೆ ಎದೆನೋವಿನ ಜೊತೆಗೋ, ಕೆಲವೊಮ್ಮೆ ಅದಿಲ್ಲದೆಯೋ, ಏದುಸಿರು, ದವಡೆ ನೋವು, ವಾಕರಿಕೆಯಾಗಿಯೂ ಬರಬಹುದು. ನಾವು ಗ್ಯಾಸ್ ಎಂದು ಜೀರಿಗೆ ನೀರು ಕುಡಿದು ಮಲಗುತ್ತೇವೆ. ಡಾಕ್ಟರು ಒಂದು ವಾರದ ಅಂಕಿ ಬರೆದು ತರಿಸಿ, ಇಸಿಜಿ ನೋಡಿ, ಮಾತ್ರೆ ಬರೆದರು.

ಉಳಿದಿರುವುದು ಅತ್ತೆಯ ಎಲೆಅಡಿಕೆ ತಟ್ಟೆ. ಎಲೆ ಅಡಿಕೆ ಇರಲಿ, ಅದರ ಜೊತೆಗಿನ ಹೊಗೆಸೊಪ್ಪಿನ ಎಸಳು. ಸೇದುವುದು ಮಾತ್ರವಲ್ಲ, ಜಗಿದರೂ ಹೃದಯಕ್ಕೆ ಹಾನಿಯೇ ಎಂದೆ. "ನಿಮ್ಮ ಮಾವ ಒಂದು ಬೀಡಿ ಮುಟ್ಟಿದವರಲ್ಲ, ಅವರು ಯಾಕೆ ಹೃದಯದ ತೊಂದರೆಯಿಂದ ಹೋದರು ಹೇಳು ನೋಡೋಣ" ಎಂದರು. ಮಾವ ಒಂದು ದಿನವೂ ಬಿ.ಪಿ. ನೋಡಿಸಿದವರಲ್ಲ ಅಂದೆ. ಅತ್ತೆ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ವಾದ ಇನ್ನೂ ನಡೆಯುತ್ತಿದೆ.