ಬಾಳಿದವರ ಜೊತೆ ನೋಡಬೇಕಾದ ಲೋಕ

ರಾಮನಗರದ ಜಾನಪದ ಲೋಕವನ್ನು ನಾನು ಎರಡು ಬಗೆಯಲ್ಲಿ ನೋಡಿದ್ದೇನೆ. ಗೆಳೆಯರ ಜೊತೆ ಹೋದಾಗ ಕಂಡದ್ದು ಹಳೆಯ ಸಾಮಾನುಗಳ ಒಳ್ಳೆಯ ಸಂಗ್ರಹ, ಸುತ್ತ ಅಚ್ಚುಕಟ್ಟಾದ ಉದ್ಯಾನ. ಎಂಬತ್ತು ದಾಟಿದ ನಮ್ಮ ದೊಡ್ಡವ್ವನನ್ನು ಕರೆದುಕೊಂಡು ಹೋದಾಗ ಕಂಡದ್ದು ಒಂದು ಊರು. ಅದರ ದುಡಿಮೆ, ಹಸಿವು, ಲೆಕ್ಕಾಚಾರ, ಅನ್ಯಾಯ ಎಲ್ಲವೂ ಎದ್ದು ಬಂದವು. ವಸ್ತುಗಳು ಅವೇ, ಕೋಣೆಗಳೂ ಅವೇ. ಹಳ್ಳಿಯ ಬದುಕನ್ನು ತೋರಿಸುವ ಯಾವ ವಸ್ತುಸಂಗ್ರಹಾಲಯಕ್ಕೆ ಹೋದರೂ ಆ ಬದುಕನ್ನು ಬಾಳಿದವರೊಬ್ಬರು ಜೊತೆಗಿರಬೇಕು ಎಂಬುದು ನನಗೆ ಮನದಟ್ಟಾದದ್ದು ಹೀಗೆ.

ಮೊದಲು ದಾರಿಯ ಮಾತು. ಬೆಂಗಳೂರಿನಿಂದ ಹೊರಟರೆ ರಾಮನಗರ ದಾಟಿ ಚನ್ನಪಟ್ಟಣದ ಕಡೆಗೆ ಸಾಗುವ ಹಳೆಯ ಮೈಸೂರು ರಸ್ತೆಯ ಪಕ್ಕದಲ್ಲೇ ಜಾನಪದ ಲೋಕವಿದೆ. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನೆಲ್ಲ ಹೊರಗಿಂದಲೇ ಬಳಸಿಕೊಂಡು ಹೋಗುತ್ತದೆ. ಅದರಲ್ಲಿ ಹೋದರೆ ಜಾನಪದ ಲೋಕ ಕಣ್ಣಿಗೇ ಬೀಳುವುದಿಲ್ಲ, ಹಳೆಯ ರಸ್ತೆಗೆ ಇಳಿಯಲೇಬೇಕು. ಬಸ್ಸಿನಲ್ಲಿ ಹೋಗುವವರು ಅದು ಊರೊಳಗೆ ಹಾದು ಹೋಗುವ ಬಸ್ಸೇ ಎಂದು ಹತ್ತುವ ಮುಂಚೆ ಕೇಳಿಕೊಳ್ಳುವುದು ಒಳ್ಳೆಯದು.

ಇದನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು 1915ರಲ್ಲಿ ನಾಗಮಂಗಲ ತಾಲ್ಲೂಕಿನ ಹಳ್ಳಿಯಲ್ಲಿ ಹುಟ್ಟಿದವರು. ಐಎಎಸ್ ಅಧಿಕಾರಿಯಾಗಿದ್ದವರು ಟೇಪ್ ರೆಕಾರ್ಡರ್ ಹಿಡಿದು ಹಳ್ಳಿ ಹಳ್ಳಿ ಸುತ್ತಿ ಹಾಡು, ಕಥೆಗಳನ್ನು ದಾಖಲಿಸಿಕೊಂಡರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಹುಟ್ಟಿತು. 1994ರಲ್ಲಿ ಹದಿನೈದು ಎಕರೆ ಜಾಗದಲ್ಲಿ ಜಾನಪದ ಲೋಕ ತಲೆಯೆತ್ತಿತು. ಮರುವರ್ಷ ಮುಧೋಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅವರು ತೀರಿಕೊಂಡದ್ದು 2005ರಲ್ಲಿ. ಅಧಿಕಾರದಲ್ಲಿದ್ದವರು ನಿವೃತ್ತಿಯ ನಂತರ ಹೀಗೆ ಮೊರ, ಮಡಕೆ, ಕುಡುಗೋಲುಗಳನ್ನು ಕೂಡಿಸಲು ಊರೂರು ಅಲೆದದ್ದು ಸಣ್ಣ ಸಂಗತಿಯಲ್ಲ. ಅವರು ಕೂಡಿಸದಿದ್ದರೆ ಇವುಗಳಲ್ಲಿ ಹೆಚ್ಚಿನವು ಒಲೆಗೋ ಗುಜರಿಗೋ ಹೋಗುತ್ತಿದ್ದವು.

ಒಳಗೆ ಲೋಕಮಾತಾ ಮಂದಿರವೆಂಬ ಕಟ್ಟಡವಿದೆ. ಅಡುಗೆಮನೆ, ಹಜಾರ, ಕಣಜದ ಸಾಮಾನುಗಳೆಲ್ಲ ಅಲ್ಲಿವೆ: ಬೀಸುವ ಕಲ್ಲು, ಒರಳು, ಒನಕೆ, ಕಾಳು ತುಂಬಿಡುವ ದೊಡ್ಡ ಮಡಕೆಗಳು, ಬುಟ್ಟಿಗಳು, ಅಳತೆಯ ಪಾತ್ರೆಗಳು. ನಾನು ಒನಕೆಗಳ ಸಾಲು ನೋಡಿ, ‘ಎಷ್ಟು ಚೆನ್ನಾಗಿವೆ ಅಲ್ವಾ ದೊಡ್ಡವ್ವ’ ಎಂದೆ. ಅವಳು ಒಂದನ್ನೇ ದಿಟ್ಟಿಸುತ್ತಾ, ‘ನೋಡಕ್ಕೆ ಚೆಂದಾಗದೆ ಕಣ್ ಮಗ. ಕುಟ್ಟಿದ ಕೈ ನೋಡಿದ್ದಿದ್ರೆ ಚೆಂದ ಅಂತಿರ್ನಿಲ್ಲ’ ಎಂದಳು. ಆಮೇಲೆ ಬೀಸುವ ಕಲ್ಲಿನ ಮುಂದೆ ನಿಂತು ಮಾತಿಗೆ ತೊಡಗಿದಳು. ಕೋಳಿ ಕೂಗುವ ಮೊದಲೇ ಎದ್ದು ಇಬ್ಬರು ಹೆಂಗಸರು ಎದುರುಬದುರು ಕೂತು ಗೂಟ ಹಿಡಿದು ತಿರುವಬೇಕು. ಒಂದು ಕೈ ತಿರುವುತ್ತಿದ್ದರೆ ಇನ್ನೊಂದು ಕೈ ಹಿಡಿ ಹಿಡಿಯಾಗಿ ರಾಗಿ ಹಾಕುತ್ತಿರಬೇಕು. ಹೆಚ್ಚು ಹಾಕಿದರೆ ಹಿಟ್ಟು ತರಿಯಾಗುತ್ತದೆ, ಕಡಿಮೆ ಹಾಕಿದರೆ ಕಲ್ಲಿಗೆ ಕಲ್ಲು ತಾಗಿ ಹಿಟ್ಟಿನಲ್ಲಿ ಮರಳು ಸೇರುತ್ತದೆ. ಬೀಸಿ ಬೀಸಿ ಕಲ್ಲು ನುಣ್ಣಗಾದರೆ ಉಳಿಯಲ್ಲಿ ಹೊಡೆಸಿ ಮತ್ತೆ ಒರಟು ಮಾಡಿಸಬೇಕು. ಆ ಕೆಲಸಕ್ಕೆಂದೇ ಕಲ್ಲುಕುಟಿಗರ ಹೆಂಗಸರು ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದರಂತೆ. ಬಸುರಿಯಾಗಿದ್ದಾಗಲೂ ಬೀಸಿದ್ದೆ, ಬಾಣಂತನ ಮುಗಿಸಿ ಬಂದ ಮೂರನೆಯ ದಿನವೇ ಬೀಸಿದ್ದೆ ಎಂದಳು. ಊರಿಗೆ ಹಿಟ್ಟಿನ ಗಿರಣಿ ಬಂದ ದಿನ ಅವರ ಬೀದಿಯ ಹೆಂಗಸರು ಅದಕ್ಕೆ ಕುಂಕುಮವಿಟ್ಟು ಕೈಮುಗಿದಿದ್ದರಂತೆ.

ನಮ್ಮ ತಲೆಮಾರಿನವರಿಗೆ ಬೀಸುವ ಕಲ್ಲೆಂದರೆ ಹಾಡು, ತಂಪು ಬೆಳಗು, ಸತ್ವವುಳ್ಳ ಹಿಟ್ಟು. ಆ ಹಾಡುಗಳು ದೊಡ್ಡವು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ರಟ್ಟೆ ನೋವನ್ನು ಮರೆಯಲೆಂದೇ ಅವರು ಹಾಡುತ್ತಿದ್ದರು ಎಂಬುದನ್ನು ಬಿಟ್ಟು ಹಾಡನ್ನಷ್ಟೇ ಕೊಂಡಾಡುವುದು ಸರಿಯಲ್ಲ. ಗಾಜಿನ ಹಿಂದಿನ ವಸ್ತುವಿಗೆ ಭಾರವಿರುವುದಿಲ್ಲ. ಅದನ್ನು ಎತ್ತಿದವರು ಪಕ್ಕದಲ್ಲಿ ನಿಂತಾಗ ಮಾತ್ರ ಅದರ ಭಾರ ತಿಳಿಯುತ್ತದೆ.

ಅಳತೆಯ ಪಾತ್ರೆಗಳ ಎದುರು ನಾವು ಬಹಳ ಹೊತ್ತು ನಿಂತೆವು. ಪಾವು, ಸೇರು, ಬಳ್ಳ, ಕೊಳಗ. ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಇದು ಪುಸ್ತಕದಲ್ಲೂ ಸಿಗುತ್ತದೆ. ಸಿಗದಿರುವುದನ್ನು ದೊಡ್ಡವ್ವ ಹೇಳಿದಳು. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎಂದು ಶುರುಮಾಡಿ ಆಮೇಲೆ ಎರಡು, ಮೂರು ಎಣಿಸುತ್ತಿದ್ದರು. ಸಾಲ ಕೊಡುವ ಮನೆಯವರು ರಾಗಿ ಅಳೆದು ಕೊಡುವಾಗ ಪಾತ್ರೆಯ ಬಾಯಿಯ ಮೇಲೆ ಕೈ ಎಳೆದು ಮಟ್ಟ ಮಾಡುತ್ತಿದ್ದರು. ಸುಗ್ಗಿಯಲ್ಲಿ ಸಾಲ ತೀರಿಸಿಕೊಳ್ಳುವಾಗ ಅದೇ ಪಾತ್ರೆಗೆ ಗೋಪುರದಂತೆ ತಲೆ ಕಟ್ಟಿ ಅಳೆಯುತ್ತಿದ್ದರು. ಬಡ್ಡಿ ಬೇರೆ, ಈ ಗೋಪುರ ಬೇರೆ. ಮೆಟ್ರಿಕ್ ಅಳತೆಗಳ ಕಾಯ್ದೆ ಬಂದದ್ದು 1956ರಲ್ಲಿ. ಮುಂದಿನ ಕೆಲವು ವರ್ಷಗಳಲ್ಲಿ ಹಂತಹಂತವಾಗಿ ಜಾರಿಯಾಗಿ ಕಿಲೋ, ಲೀಟರುಗಳು ಅಂಗಡಿಗೆ ಬಂದವು. ಅಂದಿನ ಗೊಂದಲವನ್ನೂ ಅವಳು ನೆನೆದಳು. ಆದರೆ ತಕ್ಕಡಿಯಲ್ಲಿ ತೂಗಿದರೆ ತಲೆ ಕಟ್ಟಲು ಆಗುವುದಿಲ್ಲ ಎಂಬ ಸಮಾಧಾನವೂ ಬಡವರಿಗಿತ್ತು ಎಂದಳು. ಮೂರು ಪುಸ್ತಕ ಓದಿದರೂ ನನಗೆ ಇದು ಹೊಳೆಯುತ್ತಿರಲಿಲ್ಲ.

ಎರಡು ಅಂತಸ್ತಿನ ಲೋಕಮಹಲಿನಲ್ಲಿ ತೊಗಲುಗೊಂಬೆ, ಯಕ್ಷಗಾನದ ವೇಷಭೂಷಣ, ಸೋಮನ ಕುಣಿತದ ಮುಖವಾಡಗಳಿವೆ. ಹೆಚ್ಚಿನವರು ಅಲ್ಲೇ ನಿಲ್ಲುತ್ತಾರೆ, ಬಣ್ಣ ಕಣ್ಣನ್ನು ಹಿಡಿಯುತ್ತದೆ. ನಾವು ನಿಂತದ್ದು ಬೇಸಾಯದ ಸಾಮಾನುಗಳ ಬಳಿ. ರಾಗಿ ಬಿತ್ತುವ ಕೂರಿಗೆಯ ವಿಚಾರ ಅವಳಿಗೆ ಬೆರಳ ತುದಿಯಲ್ಲಿತ್ತು. ಮೇಲಿನ ಬಟ್ಟಲಿಗೆ ಹಾಕಿದ ಬೀಜ ಸಾಲು ಸಾಲಾದ ಬಿದಿರ ಕೊಳವೆಗಳಿಂದ ಇಳಿದು ಮಣ್ಣು ಸೇರುತ್ತದೆ. ಕೂರಿಗೆ ಹೊಡೆಯುವವನು ಗಂಡಸು, ಬೀಜ ಬಿಡುವವಳು ಹೆಂಗಸು. ಬೆರಳ ಸಂದಿನಿಂದ ಬೀಜ ಒಂದೇ ಸಮ ಸುರಿಯಬೇಕು, ಎತ್ತು ಬೇಗ ನಡೆದರೆ ಕೈಯೂ ಬೇಗ ಆಡಬೇಕು. ಹಿಂದೆ ಒಂಟಿ ಕೊಳವೆಯ ಸಡ್ಡೆ ಕಟ್ಟಿಕೊಂಡು ಅದರಲ್ಲಿ ಅವರೆಯನ್ನೋ ತೊಗರಿಯನ್ನೋ ಅಕ್ಕಡಿ ಸಾಲಾಗಿ ಬಿಡುತ್ತಿದ್ದರು. ರಾಗಿ ಕೈಕೊಟ್ಟ ವರ್ಷ ಆ ಅಕ್ಕಡಿಯೇ ಮನೆಮಂದಿಯನ್ನು ಉಳಿಸುತ್ತಿತ್ತು. ಇಂದು ಮಿಶ್ರ ಬೆಳೆಯೆಂದು ತರಬೇತಿ ಶಿಬಿರಗಳಲ್ಲಿ ಹೇಳಿಕೊಡುವ ವಿದ್ಯೆ ಆ ಸಡ್ಡೆಯ ಒಂದು ಕೊಳವೆಯಲ್ಲಿದೆ.

ಆಯಗಾರರ ಮಾಳ ನನ್ನ ಮಟ್ಟಿಗೆ ಅತ್ಯಂತ ಮುಖ್ಯವಾದ ಭಾಗ. ಊರಿಗೆ ಬೇಕಾದ ಕಸುಬುಗಳನ್ನು ನಡೆಸುತ್ತಿದ್ದವರ ಬದುಕು ಅದು. ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ತಳವಾರ, ತೋಟಿ, ನೀರಗಂಟಿ ಇವರಿಗೆಲ್ಲ ವರ್ಷವಿಡೀ ದುಡಿದದ್ದಕ್ಕೆ ಸುಗ್ಗಿಯಲ್ಲಿ ಕಣದಿಂದ ಕಾಳಿನ ರೂಪದಲ್ಲಿ ಆಯ ಸಲ್ಲುತ್ತಿತ್ತು. ಹಣವಿಲ್ಲದೆಯೂ ಊರು ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ ಎಂದು ನಾನು ಮೆಚ್ಚಿಕೊಂಡು ಮಾತಾಡುತ್ತಿದ್ದೆ. ದೊಡ್ಡವ್ವ ತಡೆದಳು. ‘ಎಲ್ಲಾರ್ಗೂ ಒಂದೇ ತರ ಅಲ್ಲ ಕಣ್ ಮಗ. ತೋಟಿಗೆ ಕಡೇಲಿ. ಅವ್ರು ಕಣದೊಳಕ್ಕೆ ಕಾಲಿಡಂಗಿರ್ನಿಲ್ಲ, ಆಚೇಲೇ ನಿಂತಿರರು. ತೂರಿ ಉಳಿದದ್ದು ಅವ್ರಿಗೆ.’ ಅವಳ ದನಿಯಲ್ಲಿ ನಾಚಿಕೆಯಿತ್ತು, ಅದನ್ನು ಅವಳು ಮುಚ್ಚಿಡಲಿಲ್ಲ. ಗ್ರಾಮಾಧಿಕಾರಗಳನ್ನು ರದ್ದುಮಾಡಿದ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಪಟೇಲ, ಶ್ಯಾನುಭೋಗರಿಂದ ಹಿಡಿದು ತಳವಾರ, ತೋಟಿಯವರೆಗೆ ವಂಶಪಾರಂಪರ್ಯವಾಗಿ ಬಂದಿದ್ದ ಹುದ್ದೆಗಳು ಹೋದವು. ಕಣದ ಆಚೆ ನಿಲ್ಲಿಸುವ ರೂಢಿ ಹೋಗಲು ಇನ್ನೂ ಬಹಳ ಕಾಲ ಹಿಡಿಯಿತು. ಹಳ್ಳಿಯ ಚರಿತ್ರೆ ನೋಡಲು ಹೋದವರು ಕಸುಬಿನ ಜಾಣ್ಮೆಯ ಜೊತೆಗೆ ಇದನ್ನೂ ಕೇಳಿ ತಿಳಿಯಬೇಕು. ನಮ್ಮ ಮನೆಯ ಹಿರಿಯರು ಕಣದ ಒಳಗಿದ್ದವರಾದರೆ ಅವರಿಂದ, ಹೊರಗೆ ನಿಲ್ಲಬೇಕಾಗಿ ಬಂದವರಾದರೆ ಇನ್ನೂ ಹೆಚ್ಚಾಗಿ ಅವರಿಂದ.

ಇಷ್ಟು ನೋಡುವಷ್ಟರಲ್ಲಿ ವಯಸ್ಸಾದವರ ಮಂಡಿ ಸೋಲುತ್ತದೆ. ಆಗ ನೆರವಿಗೆ ಬರುವುದು ಉದ್ಯಾನ. ಮರಗಳ ನೆರಳು, ಹುಲ್ಲುಹಾಸು, ನಡೆದಾಡುವ ದಾರಿಯ ಬದಿಗೆ ಶಿಲ್ಪಗಳು, ಒಂದು ಸಣ್ಣ ಕೆರೆ, ದೂರಕ್ಕೆ ರಾಮನಗರದ ಬಂಡೆಬೆಟ್ಟಗಳು. ಉದ್ಯಾನ ಫೋಟೋ ತೆಗೆಸಿಕೊಳ್ಳುವ ಜಾಗವೆಂದು ಬಹಳ ಜನ ಅಲ್ಲಿ ಐದು ನಿಮಿಷ ನಿಂತು ಹೊರಟುಬಿಡುತ್ತಾರೆ. ನಾನು ಹೇಳುವುದಾದರೆ, ಒಳಗೆ ಕಳೆದಷ್ಟೇ ಹೊತ್ತನ್ನು ಅಲ್ಲೂ ಕಳೆಯಬೇಕು. ವಸ್ತುಗಳ ಮುಂದೆ ಒಂದೆರಡು ವಾಕ್ಯದಲ್ಲಿ ಮುಗಿದ ನೆನಪು ನೆರಳಲ್ಲಿ ಕೂತು ಕಾಲು ಚಾಚಿದ ಮೇಲೆ ಉದ್ದವಾಗುತ್ತದೆ. ದೊಡ್ಡವ್ವ ತವರಿನ ಹಗೇವಿನ ಸಂಗತಿ ಹೇಳಿದ್ದು ಅಲ್ಲೇ. ನೆಲದೊಳಗಿನ ಆ ಗುಂಡಿಯಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಆಮೇಲೆ ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಇಳಿಯುತ್ತಿದ್ದರು.

ಇಂಥ ಮಾತನ್ನು ದಾಖಲಿಸಿಕೊಳ್ಳುವುದಕ್ಕೂ ಒಂದು ಕ್ರಮವಿದೆ. ಫೋನಿನ ಕ್ಯಾಮೆರಾ ಮುಖಕ್ಕೆ ಹಿಡಿದರೆ ಹಿರಿಯರು ಸೆರಗು ಸರಿಮಾಡಿಕೊಂಡು ಸುಮ್ಮನಾಗುತ್ತಾರೆ. ಕೇಳಿ ಒಪ್ಪಿಗೆ ಪಡೆದು ದನಿಯನ್ನಷ್ಟೇ ದಾಖಲಿಸಿ ಫೋನನ್ನು ಮಡಿಲಲ್ಲಿಟ್ಟುಕೊಂಡರೆ ಮಾತು ಸರಾಗವಾಗಿ ಬರುತ್ತದೆ. ‘ಇದೇನು’ ಎಂದು ಕೇಳಿದರೆ ಹೆಸರಷ್ಟೇ ಸಿಗುತ್ತದೆ. ‘ಇದನ್ನು ಯಾರು ಮಾಡಿಕೊಡೋರು, ಮುರಿದರೆ ಏನು ಮಾಡ್ತಿದ್ರಿ, ಇದಕ್ಕಾಗಿ ಮನೇಲಿ ಜಗಳ ಆಗಿತ್ತಾ’ ಎಂದು ಕೇಳಿದರೆ ಬದುಕೇ ಸಿಗುತ್ತದೆ.

ಶಿಲ್ಪಮಾಲೆಯಲ್ಲಿ ವೀರಗಲ್ಲು, ಮಾಸ್ತಿಕಲ್ಲುಗಳಿವೆ. ವೀರಗಲ್ಲನ್ನು ಕೆಳಗಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಅವನು ಲಿಂಗದ ಸನ್ನಿಧಿಯಲ್ಲಿರುವುದು. ಇಷ್ಟು ಗೊತ್ತಿದ್ದರೆ ಮಕ್ಕಳು ತಾವೇ ಕಥೆ ಬಿಡಿಸಿಕೊಳ್ಳುತ್ತಾರೆ. ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವರ ನೆನಪಿಗೆ ನಿಂತ ಕಲ್ಲುಗಳು ನಮ್ಮ ನಾಡಿನ ತುಂಬ ಇವೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಕಲ್ಲಂತೂ ಕಾಳಿ ಎಂಬ ನಾಯಿಯದು. ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರ ಒಡೆಯನಲ್ಲಿ ಬೇಡಿ ಪಡೆದ ನಾಯಿ ಅದು, ಕಾಡುಹಂದಿಯೊಡನೆ ಕಾದಾಡಿ ಹಂದಿಯ ಜೊತೆಗೇ ಪ್ರಾಣಬಿಟ್ಟಿತು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಬಳೆ ತೊಟ್ಟ ಕೈಯೊಂದು ಮೇಲೆದ್ದು ನಿಂತ ಮಾಸ್ತಿಕಲ್ಲಿನ ಎದುರು ದೊಡ್ಡವ್ವ ಕೈಮುಗಿದಳು, ‘ಯಾರ ಮಗಳೋ ಏನೋ’ ಎಂದಳು.

ತಮ್ಮೂರ ಕೆರೆ ಏರಿಯ ಮೇಲೂ ಇಂಥದೇ ಒಂದು ಕಲ್ಲಿದೆ ಎಂದು ಅವಳಿಗೆ ನೆನಪಾಯಿತು. ಆಮೇಲೆ ಊರಿಗೆ ಹೋದಾಗ ನೋಡಿದೆ. ಅರ್ಧ ಹೂತಿದ್ದ ವೀರಗಲ್ಲು, ಮೇಲೆ ಜನ ಬಟ್ಟೆ ಒಗೆಯುತ್ತಿದ್ದರು. ಊರಿನ ಹುಡುಗರಿಗೆ ಕಥೆ ಹೇಳಿದೆ, ಅವರೇ ಮಣ್ಣು ತೆಗೆದು ತೊಳೆದು ಸುತ್ತ ಕಲ್ಲು ಜೋಡಿಸಿದರು. ನಿಮ್ಮ ಊರಿನಲ್ಲೂ ಇಂಥ ಕಲ್ಲಿದ್ದರೆ ಅದರ ಶಾಸನ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಅಚ್ಚಾಗಿರಬಹುದು. ಅವು ತಾಲ್ಲೂಕುವಾರು ಜೋಡಿಸಿದ ಸಂಪುಟಗಳು, ಹುಡುಕುವುದು ಕಷ್ಟವಲ್ಲ.

ವಸ್ತುಸಂಗ್ರಹಾಲಯಕ್ಕೆ ಸೇರಬೇಕಾದ್ದು ಇನ್ನೂ ನಮ್ಮ ಮನೆಗಳಲ್ಲೇ ಇದೆ. ರಾಮನಗರ ರೇಷ್ಮೆಗೂಡಿನ ಊರು. ಹುಳು ಗೂಡು ಕಟ್ಟಲೆಂದು ಬಿದಿರಿನಲ್ಲಿ ಸುರುಳಿ ಸುತ್ತಿ ಹೆಣೆದ ಚಂದ್ರಿಕೆ ಸುತ್ತಲಿನ ಹಳ್ಳಿಗಳ ಗೋಡೆಗೆ ಇವತ್ತಿಗೂ ಒರಗಿರುತ್ತದೆ, ಪ್ಲಾಸ್ಟಿಕ್ಕಿನ ನೇತ್ರಿಕೆ ಅದರ ಜಾಗವನ್ನು ಹಿಡಿಯುತ್ತಿದೆ. ಅಟ್ಟದ ಮೇಲಿನ ಸೇರು, ಶಾವಿಗೆ ಒತ್ತು, ಚೆನ್ನೆಮಣೆಗಳನ್ನು ಗುಜರಿಗೆ ಹಾಕುವ ಮುನ್ನ ದಯವಿಟ್ಟು ಒಂದು ಕೆಲಸ ಮಾಡಿ. ಯಾವ ಊರಿನದು, ಯಾರು ಮಾಡಿಕೊಟ್ಟದ್ದು, ಯಾರು ಬಳಸಿದ್ದು, ಹೇಗೆ ಬಳಸಿದ್ದು ಎಂದು ಒಂದು ಹಾಳೆಯಲ್ಲಿ ಬರೆದು ಅದಕ್ಕೆ ಕಟ್ಟಿ, ನಿಮ್ಮೂರ ಶಾಲೆಗೋ ಹತ್ತಿರದ ಸಂಗ್ರಹಾಲಯಕ್ಕೋ ಕೊಡಿ. ಬರೆದಿಟ್ಟ ಆ ಹಾಳೆ ಇಲ್ಲದಿದ್ದರೆ ಸೇರು ಬರಿಯ ಹಿತ್ತಾಳೆ.

ಈ ರಜೆಯಲ್ಲಿ ಮಕ್ಕಳನ್ನು ಜಾನಪದ ಲೋಕಕ್ಕೆ ಕರೆದೊಯ್ಯುವ ಯೋಚನೆಯಿದ್ದರೆ ಅಜ್ಜಿಯನ್ನೋ ತಾತನನ್ನೋ ಬಿಟ್ಟು ಹೊರಡಬೇಡಿ. ಬೆಳಿಗ್ಗೆಯೇ ಹೋಗಿ, ಅವರ ನಡಿಗೆಯ ವೇಗಕ್ಕೇ ನೀವೂ ನಡೆಯಿರಿ. ಮಂಗಳವಾರ ಬೇಡ, ಅಂದು ರಜೆ.